ಮೊಗಣ್ಣನ ಮನೆಗೆ ಕಾಫಿ

ಹೊಳೆದಂಡೆಯ ಮಠದಲ್ಲಿ ಒಬ್ಬ ಗುರುಗಳಿದ್ದರು. ಅವರ ಹತ್ತಿರ ಪಂಚಾಕ್ಷರಿ ಎಂಬ ಶಿಷ್ಯನಿದ್ದ. ಓದಿಕೊಂಡವನು, ಒಳ್ಳೆಯವನು. ಯಾರಾದರೂ ಅಳುವುದನ್ನು ಕಂಡರೆ ಸಾಕು, ಅವನ ಬಾಯಿಗೆ ದೊಡ್ಡ ದೊಡ್ಡ ಮಾತುಗಳು ತಾವಾಗಿಯೇ ಬಂದುಬಿಡುತ್ತಿದ್ದವು.

ಒಂದು ಬೆಳಗ್ಗೆ ಅವನು ಗುರುಗಳ ಮುಂದೆ ಕೈಮುಗಿದು ನಿಂತ.

“ಬುದ್ಧಿ, ನೀರಗಂಟಿ ಮೊಗಣ್ಣನ ಮನೆಯಲ್ಲಿ ಇನ್ನೂ ಒಲೆ ಹಚ್ಚಿಲ್ಲವಂತೆ.”

ಮೊಗಣ್ಣ ನಾಲೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವವನು. ಅವನ ಹೆಂಡತಿ ತಾಯಮ್ಮ ತೀರಿಕೊಂಡಿದ್ದಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ, ಕಾರ್ಯ ಮುಗಿಯುವವರೆಗೆ ನೆರೆಹೊರೆಯವರೇ ಅನ್ನ, ಕಾಫಿ ತಂದುಕೊಡುತ್ತಾರೆ. ಮುಗಿದ ಮೇಲೆ ಮನೆಯವರು ಒಲೆ ಹಚ್ಚಬೇಕು. ತಾಯಮ್ಮನ ಕಾರ್ಯ ಮುಗಿದು ಎಷ್ಟೋ ದಿನವಾಗಿತ್ತು. ಮೊಗಣ್ಣ ಮಾತ್ರ ಅಡುಗೆಮನೆಯ ಹೊಸಲು ದಾಟಿರಲಿಲ್ಲ. ಪಕ್ಕದ ಮನೆಯ ಸಾಕಮ್ಮ ಬೈದು ಬೈದು ತಿನ್ನಿಸಿದರೆ ಎರಡು ತುತ್ತು, ಇಲ್ಲದಿದ್ದರೆ ಅದೂ ಇಲ್ಲ.

“ಹೀಗೇ ಬಿಟ್ಟರೆ ಉಳಿಯೋದಿಲ್ಲ ಅಂತಾರೆ. ನಾನು ಹೋಗಿ ನಾಲ್ಕು ಮಾತು ಹೇಳಿ ಬರಲೇ ಬುದ್ಧಿ?”

“ಕಾಫಿ ತಗೊಂಡು ಹೋಗು” ಎಂದರು ಗುರುಗಳು.

“ಕಾಫಿ?”

“ದಿನಾ ಬೆಳಗ್ಗೆ. ಬಿಸಿ ಇರಲಿ.”

ಮಠದಲ್ಲಿ ಒಂದು ಹಳೇ ಸೈಕಲ್ ಇತ್ತು. ಪಂಚಾಕ್ಷರಿ ಬೆಲ್ಲದ ಕಾಫಿಯನ್ನು ಹಾಲಿನ ಕ್ಯಾನಿಗೆ ಹುಯ್ದು, ಕ್ಯಾನನ್ನು ಹ್ಯಾಂಡಲಿಗೆ ತೂಗುಹಾಕಿ, ನಾಲೆಯ ಏರಿ ಹಿಡಿದು ಹೊರಟ. ಏರಿಯೆಂದರೆ ಬರೀ ಕಲ್ಲು, ಗುಂಡಿ. ಕ್ಯಾನು ಕುಣಿಯಿತು. ಮುಚ್ಚಳ ಕಿತ್ತುಕೊಂಡು ಅರ್ಧ ಕಾಫಿ ದಾರಿಗೆ ಹೋಯಿತು, ಸ್ವಲ್ಪ ಅವನ ತೊಡೆಯ ಮೇಲೂ ಬಿತ್ತು. ಉಳಿದದ್ದು ಆರಿ ತಣ್ಣಗಾಯಿತು.

ಮೊಗಣ್ಣ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಪಂಚಾಕ್ಷರಿ ಲೋಟಕ್ಕೆ ಕಾಫಿ ಬಗ್ಗಿಸಿ ಮುಂದಿಟ್ಟ.

“ಕುಡಿ ಮೊಗಣ್ಣ.”

ಮೊಗಣ್ಣ ನೋಡಲಿಲ್ಲ.

ಗುರುಗಳು ಕಾಫಿ ಕೊಟ್ಟು ಬಾ ಎಂದಿದ್ದರೇ ಹೊರತು ಮಾತಾಡಬೇಡ ಎಂದಿರಲಿಲ್ಲವಲ್ಲ. ಪಂಚಾಕ್ಷರಿ ಗಂಟಲು ಸರಿಮಾಡಿಕೊಂಡ.

“ಹುಟ್ಟಿದವರು ಒಂದಲ್ಲ ಒಂದು ದಿನ ಹೋಗಲೇಬೇಕು ಮೊಗಣ್ಣ. ಈ ದೇಹ ಬಾಡಿಗೆ ಮನೆ ಇದ್ದ ಹಾಗೆ. ತಾಯಮ್ಮ ಪುಣ್ಯವಂತೆ, ನರಳದೆ ಹೋದಳು. ನೀನು ಹೀಗೆ ಕೂತರೆ ಅವಳ ಆತ್ಮಕ್ಕೆ ನೆಮ್ಮದಿ ಸಿಕ್ಕುತ್ತದೆಯೇ?”

ಮೊಗಣ್ಣ ನಿಧಾನವಾಗಿ ಗೋಡೆಯ ಕಡೆಗೆ ಮುಖ ತಿರುಗಿಸಿದ.

ಮಠಕ್ಕೆ ಮರಳಿದಾಗ ಗುರುಗಳು ಕೇಳಿದರು. “ಕುಡಿದನೋ?”

“ಇಲ್ಲ ಬುದ್ಧಿ. ಆರಿಹೋಗಿತ್ತು, ಅದಕ್ಕೇ ಇರಬೇಕು.”

“ಇರಬಹುದು” ಎಂದರು ಗುರುಗಳು.

ಮರುದಿನದಿಂದ ಪಂಚಾಕ್ಷರಿ ಹಟಕ್ಕೆ ಬಿದ್ದ. ಕ್ಯಾನನ್ನು ಹ್ಯಾಂಡಲಿಗೆ ಕಟ್ಟಿದರೆ ದಾರಿಯ ಪ್ರತಿ ಗುಂಡಿಯೂ ಅದಕ್ಕೆ ತಟ್ಟುತ್ತದೆ, ಕೈಯಲ್ಲಿ ತೂಗಿಸಿ ಹಿಡಿದರೆ ಗುಂಡಿಯ ಪೆಟ್ಟನ್ನೆಲ್ಲ ತೋಳು ನುಂಗಿಕೊಳ್ಳುತ್ತದೆ ಎಂದು ಕಂಡುಕೊಂಡ. ನೀರು ಹೊರುವ ಹೆಂಗಸರು ಬಿಂದಿಗೆಯೊಳಗೆ ಸೊಪ್ಪು ತೇಲಿಬಿಡುವುದನ್ನು ನೋಡಿದ್ದ. ಅವನೂ ಕಾಫಿಯ ಮೇಲೆ ಬಾಳೆಲೆಯ ಚೂರು ತೇಲಿಬಿಟ್ಟ, ತುಳುಕುವುದು ನಿಂತಿತು. ಕ್ಯಾನಿಗೆ ಹಳೇ ಕಂಬಳಿಯ ತುಂಡು ಸುತ್ತಿದ, ಬಿಸಿ ನಿಂತಿತು.

ಎಡಗೈಯಲ್ಲಿ ಕ್ಯಾನು, ಬಲಗೈಯಲ್ಲಿ ಹ್ಯಾಂಡಲು. ಗದ್ದೆಯಲ್ಲಿ ಕಳೆ ಕೀಳುವವರು ಸೊಂಟ ನೆಟ್ಟಗೆ ಮಾಡಿಕೊಂಡು ನೋಡುತ್ತಿದ್ದರು.

“ಏನ್ ಸ್ವಾಮಿ, ಸರ್ಕಸ್ಸಿಗೆ ಸೇರ್ಕಂಡ್ರಾ?”

ಪಂಚಾಕ್ಷರಿಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಲೋಟದಲ್ಲಿ ಕಾಫಿ ಹಬೆಯಾಡುತ್ತಿತ್ತು. ಮೊಗಣ್ಣ ಮುಟ್ಟುತ್ತಿರಲಿಲ್ಲ. ಪಂಚಾಕ್ಷರಿ ಹೊಸ ಮಾತುಗಳನ್ನು ಹುಡುಕಿಕೊಂಡು ಬರುತ್ತಿದ್ದ, ಮೊಗಣ್ಣ ಗೋಡೆಗೆ ತಿರುಗುತ್ತಿದ್ದ. ನಿನ್ನೆಯ ಲೋಟ ಇಟ್ಟಲ್ಲೇ ಇರುತ್ತಿತ್ತು, ಕೆನೆಗಟ್ಟಿ, ಇರುವೆ ಮುತ್ತಿ. ಅದನ್ನು ತೊಳೆದು ಹೊಸದಾಗಿ ತುಂಬಿಸಿಟ್ಟು ಬರುವುದೇ ಅವನ ಕೆಲಸವಾಯಿತು.

ಮೊಗಣ್ಣನ ಕೆನ್ನೆ ಒಳಗೆ ಹೋಗಿತ್ತು. ಸಾಕಮ್ಮ ಬೇಲಿಯ ಆಚೆಯಿಂದ ಹೇಳಿದಳು.

“ನಾನು ಬೈದ್ರೂ ಈಗ ಬಾಯಿ ಬುಡಕ್ಕಿಲ್ಲ ಸ್ವಾಮಿ. ಮನುಷ್ಯ ಕೈಬುಟ್ಟು ಹೋಯ್ತಾವ್ನೆ.”

ಅವತ್ತು ಪಂಚಾಕ್ಷರಿ ಸೈಕಲ್ ತುಳಿಯದೆ ತಳ್ಳಿಕೊಂಡೇ ಹಿಂತಿರುಗಿದ. ಮಠಕ್ಕೆ ಬಂದು ಗುರುಗಳ ಮುಂದೆ ಕೂತುಬಿಟ್ಟ.

“ಬುದ್ಧಿ, ಇವತ್ತು ಒಂದು ತೊಟ್ಟೂ ಚೆಲ್ಲಲಿಲ್ಲ. ಬಾಯಿ ಸುಡುವಷ್ಟು ಬಿಸಿ ಇತ್ತು.”

“ಕುಡಿದನೋ?”

“ಇಲ್ಲ.”

“ನೀನು ಕುಡಿದೆಯಾ?”

“ನಾನೇ? ನಾನು ಇಲ್ಲೇ ಕುಡಿದು, ತಿಂಡಿ ತಿಂದು ಹೊರಡ್ತೀನಲ್ಲ ಬುದ್ಧಿ.”

ಗುರುಗಳು ಹೊಳೆಯ ಕಡೆ ನೋಡಿದರು.

“ನಾಳೆ ಏನೂ ಮುಟ್ಟದೆ ಹೋಗು.”

“ಯಾಕೆ ಬುದ್ಧಿ?”

ಗುರುಗಳು ಎದ್ದು ಪೂಜೆಗೆ ಹೋದರು.

ಮರುದಿನ ಪಂಚಾಕ್ಷರಿ ಖಾಲಿ ಹೊಟ್ಟೆಯಲ್ಲಿ ಹೊರಟ. ಕಂಬಳಿಯ ತುಂಡಿನೊಳಗಿಂದ ಕಾಫಿಯ ಘಮ ಬರುತ್ತಿತ್ತು. ಹೊಟ್ಟೆ ತಾಳ ಹಾಕುತ್ತಿತ್ತು. ಇಷ್ಟು ದಿನ ಇದೇ ಕಾಫಿಯನ್ನು ಹೊತ್ತಿದ್ದರೂ ಅದಕ್ಕೆ ಇಂಥ ವಾಸನೆ ಇದೆಯೆಂದು ಅವನಿಗೆ ಗೊತ್ತೇ ಆಗಿರಲಿಲ್ಲ.

ಏರಿಯ ಕೆಳಗಿನಿಂದ ಒಂದು ಎಮ್ಮೆ ಹತ್ತಿ ಬಂದು ದಾರಿಗೆ ಅಡ್ಡ ನಿಂತಿತು. ಒಂದೇ ಕೈಯಲ್ಲಿ ಬ್ರೇಕು ಅದುಮಿದ. ಸೈಕಲ್ ಒಂದು ಕಡೆ, ಅವನು ಒಂದು ಕಡೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ, ಪಂಚಾಕ್ಷರಿಗೆ ತಲೆಯಿಂದ ಕಾಲಿನವರೆಗೂ ಮಣ್ಣೇ. ಮೊಣಕಾಲು ತರಚಿತು. ಕಾಫಿಯೆಲ್ಲ ಎಡಗೈಯ ಮೇಲೆ ಚೆಲ್ಲಿ, ಮೊಣಕೈವರೆಗೆ ಚರ್ಮ ಕೆಂಪೇರಿತು.

ಎಮ್ಮೆ ಅವನನ್ನು ಒಮ್ಮೆ ನೋಡಿ ತನ್ನ ಪಾಡಿಗೆ ಹೋಯಿತು.

ವಾಪಸು ಹೋಗಿ ಮತ್ತೆ ಕಾಫಿ ತರೋಣವೆಂದರೆ ಮಠ ದೂರ. ಮೊಗಣ್ಣನ ಮನೆ ಎದುರಿಗೇ ಕಾಣುತ್ತಿತ್ತು. ಕುಡಿಯದವನಿಗೆ ಕಾಫಿ ಬಂದರೇನು, ಬಿಟ್ಟರೇನು? ಆದರೂ ಹೇಳದೆ ಹಿಂತಿರುಗಲು ಮನಸ್ಸು ಒಪ್ಪಲಿಲ್ಲ. ಸೈಕಲ್ ತಳ್ಳಿಕೊಂಡು ಹೋದ.

ಜಗಲಿಯ ಮೇಲೆ ಮೊಗಣ್ಣನ ಪಕ್ಕ ಕೂತ. ಖಾಲಿ ಕ್ಯಾನನ್ನು ಪಕ್ಕಕ್ಕಿಟ್ಟ. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಕೈ ಉರಿಯುತ್ತಿತ್ತು. ಹಸಿವಾಗಿತ್ತು. ನಾಚಿಕೆಯಾಗಿತ್ತು. ಸುಮ್ಮನೆ ಅಂಗಳ ನೋಡುತ್ತ ಕೂತ.

ಬಹಳ ಹೊತ್ತಾದ ಮೇಲೆ ಮೊಗಣ್ಣನ ದನಿ ಕೇಳಿತು. ತುಕ್ಕು ಹಿಡಿದ ಬಾಗಿಲಿನಂಥ ದನಿ.

“ಇವತ್ತು ತರ್ನಿಲ್ವಾ?”

ಪಂಚಾಕ್ಷರಿ ಬೆಚ್ಚಿ ತಿರುಗಿದ.

“ಚೆಲ್ಲಿಹೋಯ್ತು ಮೊಗಣ್ಣ. ಏರಿ ಮೇಲೆ ಬಿದ್ದುಬಿಟ್ಟೆ.”

“ಕೈ ಸುಟ್ಕಂಡಿದ್ದೀರಿ.”

“ಹೂಂ.”

“ಬೆಳಿಗ್ಗೆ ಏನಾದ್ರೂ ಹೊಟ್ಟೆಗೆ ಹಾಕ್ಕಂಡ್ರಾ?”

“ಇಲ್ಲ.”

ಅಷ್ಟು ಹೇಳುವಾಗ ಪಂಚಾಕ್ಷರಿಯ ಕಣ್ಣಲ್ಲಿ ನೀರು ಬಂತು. ಉರಿಗೋ, ಹಸಿವಿಗೋ, ಇಷ್ಟು ದಿನ ಯಾರಿಗೂ ಉಪಯೋಗಕ್ಕೆ ಬರದೆ ಓಡಾಡಿದ್ದಕ್ಕೋ, ಅವನಿಗೇ ತಿಳಿಯಲಿಲ್ಲ. ಸಣ್ಣ ಮಗುವಿನ ಹಾಗೆ ಅತ್ತ.

ಮೊಗಣ್ಣ ಗೋಡೆ ಹಿಡಿದುಕೊಂಡು ಎದ್ದ. ಹಿತ್ತಲಿಂದ ಚೊಂಬು ತುಂಬ ತಣ್ಣೀರು ತಂದು ಅವನ ಕೈಮೇಲೆ ಸುರಿದ, ಮತ್ತೆ ತಂದ, ಮತ್ತೆ ಸುರಿದ. ಆಮೇಲೆ ಒಳಗೆ ಹೋಗಿ ಅಡುಗೆಮನೆಯ ಹೊಸಲ ಮುಂದೆ ನಿಂತುಬಿಟ್ಟ.

ಬೇರೆ ದಿನವಾಗಿದ್ದರೆ ಪಂಚಾಕ್ಷರಿ ‘ಧೈರ್ಯ ತಂದುಕೋ’ ಎಂದು ಏನಾದರೂ ಹೇಳಿಬಿಡುತ್ತಿದ್ದ. ಇವತ್ತು ಕೂತಲ್ಲಿಂದಲೇ ನೋಡುತ್ತಿದ್ದ ಅಷ್ಟೆ.

ಮೊಗಣ್ಣ ಹೊಸಲು ದಾಟಿದ.

ಡಬ್ಬಿಗಳ ಸದ್ದು. ಒಂದರ ಮುಚ್ಚಳ ತೆಗೆದು ಹಾಕಿದ್ದು, ಇನ್ನೊಂದರದು.

“ಬೆಲ್ಲ ಎಲ್ಲಿ ಮಡಗವ್ಳೋ ಕಾಣೆ” ಎಂದು ಒಳಗೇ ಗೊಣಗಿದ. ಮತ್ತೊಂದು ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. “ಸಿಕ್ತು.”

ಒಲೆಯಲ್ಲಿ ಪುಳ್ಳೆಗೆ ಬೆಂಕಿ ಹತ್ತಿದ ವಾಸನೆ ಬಂತು. ಹಂಚಿನ ಸಂದಿಯಿಂದ ಹೊಗೆ ಎದ್ದಿತು. ಬೇಲಿಯ ಆಚೆ ಸಾಕಮ್ಮ ಗುಡಿಸುತ್ತಿದ್ದವಳು ಪೊರಕೆ ಹಿಡಿದುಕೊಂಡೇ ನಿಂತು ಆ ಹೊಗೆಯನ್ನು ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು.

ಮೊಗಣ್ಣ ಒಂದೇ ಲೋಟ ತಂದ. ಹಾಲಿಲ್ಲದ ಕಾಫಿ.

“ಕುಡೀರಿ.”

“ನೀನು?”

“ನಂಗೆ ಬೇಡ.”

“ಬಂದವರನ್ನ ಒಬ್ಬರನ್ನೇ ಕುಡಿಯೋಕೆ ಬಿಡ್ತಾರಾ ಮೊಗಣ್ಣ?”

ಅದು ಉಪದೇಶವಾಗಿರಲಿಲ್ಲ. ಅವನಿಗೆ ನಿಜವಾಗಿಯೂ ಒಬ್ಬನೇ ಕುಡಿಯಲು ಆಗುತ್ತಿರಲಿಲ್ಲ.

ಮೊಗಣ್ಣ ಅವನನ್ನೇ ನೋಡಿದ. ಒಳಗೆ ಹೋಗಿ ಇನ್ನೊಂದು ಲೋಟ ತಂದು ಎದುರಿಗೆ ಕೂತ. ಇಬ್ಬರೂ ಊದಿಕೊಂಡು ಕುಡಿದರು. ಕಹಿಯಾಗಿತ್ತು, ಅಡಿಯಲ್ಲಿ ಬೆಲ್ಲ ಕರಗದೆ ಕೂತಿತ್ತು.

“ಅವ್ಳು ಇದ್ದಿದ್ರೆ ಇದ್ನ ಕಾಫಿ ಅಂತಾನೇ ಅಂತಿರ್ನಿಲ್ಲ” ಎಂದ ಮೊಗಣ್ಣ.

ಹಾಗೆಂದವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳತೊಡಗಿದ. ಹೆಂಡತಿ ಸತ್ತ ದಿನದಿಂದ ಅವನು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಪಂಚಾಕ್ಷರಿ ಸರಿದು ಅವನ ಪಕ್ಕಕ್ಕೆ ಕೂತ. ಅಳು ನಿಲ್ಲುವವರೆಗೂ ಅಲ್ಲೇ ಇದ್ದ.

ಅವನು ಮಠಕ್ಕೆ ಬಂದಾಗ ಬಿಸಿಲು ಏರಿತ್ತು. ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು.

“ಚೆಲ್ಲಿತೇ?”

“ಪೂರಾ ಚೆಲ್ಲಿತು ಬುದ್ಧಿ.”

“ಕುಡಿದನೋ?”

“ಕುಡಿದ. ಅವನೇ ಒಲೆ ಹಚ್ಚಿದ. ನನಗೂ ಕೊಟ್ಟ.”

ಗುರುಗಳು ಅವನ ಸುಟ್ಟ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಲೋಳೆಸರದ ಎಲೆ ಸೀಳಿ ಸವರತೊಡಗಿದರು. ತಂಪು ಹತ್ತಿದ ಹಾಗೆ ಪಂಚಾಕ್ಷರಿಗೆ ಒಳಗೆ ಇನ್ನೊಂದು ಉರಿ ಎದ್ದಿತು. ಅವನು ಅದನ್ನು ತಡೆದುಕೊಳ್ಳಲಿಲ್ಲ.

“ಬುದ್ಧಿ, ಅವನು ಒಣಗಿಹೋಗೋದನ್ನ ದಿನಾ ನೋಡಿದೆ. ನಾನು ಖಾಲಿ ಹೊಟ್ಟೆಲಿ ಹೋದರೆ ಆ ಮನೆ ಒಲೆ ಹತ್ತುತ್ತೆ ಅನ್ನೋದು ತಮಗೆ ಗೊತ್ತಿತ್ತಲ್ಲವೇ? ಮೊದಲ ದಿನವೇ ನನ್ನನ್ನ ಹಾಗೆ ಕಳಿಸಬಹುದಿತ್ತು.”

ಗುರುಗಳು ಲೋಳೆಸರ ಸವರುವುದನ್ನು ನಿಲ್ಲಿಸಲಿಲ್ಲ.

“ಅವತ್ತು ನಿನ್ನ ಹತ್ತಿರ ಹೇಳೋದಕ್ಕೆ ಮಾತು ಬಹಳ ಇತ್ತಲ್ಲ, ಮಗಾ.”