ಮುಂದಿನ ಗಾಲಿ ಹಿಡಿಯಲಿ, ಹಿಂದಿನದು ಓಡಲಿ

"ಅವ್ವಾ, ನನ್ನನ್ನು ಮುಂದಕ್ಕೆ ಕಳಿಸಿದವರಿಗೆಲ್ಲ ನಮಸ್ಕಾರ ಮಾಡಿ ಬಂದೆ. ನನ್ನನ್ನು ತಡೆದವರಿಗೂ ಮಾಡಬೇಕೆ?"

ಮುರಿಗೆಪ್ಪ ಹೀಗೆ ಕೇಳಿದಾಗ ಅವ್ವನವರು ಮಠದ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರು ಆ ಮಠದ ಗುರು. ದೂರದ ಊರೊಂದರಲ್ಲಿ ಮಠ ನಡೆಸುತ್ತಿದ್ದ ಮಕ್ಕಳ ಶಾಲೆಯನ್ನು ಮುರಿಗೆಪ್ಪನಿಗೆ ಒಪ್ಪಿಸಿದ್ದರು. ಮರುದಿನ ಅವನು ಹೊರಡಬೇಕು. ಅನ್ನ ಇಕ್ಕಿದ ಅಡುಗೆಯ ತಾಯಿ, ಓದು ಕಲಿಸಿದವರು, ಶಾಲೆಗೆ ಇವನೇ ತಕ್ಕವನೆಂದು ಹೆಸರು ಹೇಳಿದ ಹಿರಿಯರು, ಎಲ್ಲರ ಮುಂದೆಯೂ ಬೆಳಗಿನಿಂದ ಬಾಗಿ ಬಂದಿದ್ದ. ಒಬ್ಬೊಬ್ಬರ ಕೈ ತಲೆಯ ಮೇಲೆ ಬಿದ್ದಾಗಲೂ ಅವನ ಕಣ್ಣು ತುಂಬಿತ್ತು. ಏನೂ ಇಲ್ಲದೆ ಬಂದವನಿಗೆ ಇಷ್ಟೊಂದು ಜನ ಇಷ್ಟೊಂದು ಕೊಟ್ಟರಲ್ಲ ಎಂದು ಎದೆ ಭಾರವಾಗಿತ್ತು.

ಉಳಿದವರು ಒಬ್ಬರೇ, ಕೊಟ್ರಯ್ಯನವರು. ಮಠದ ಎಲ್ಲರಿಗಿಂತ ಹಿರಿಯರು. ಮುರಿಗೆಪ್ಪ ಹುಡುಗನಾಗಿದ್ದಾಗಲೇ ಚೆನ್ನಾಗಿ ಮಾತಾಡುತ್ತಿದ್ದ. ಸುತ್ತಲ ಊರಿನವರು ಪ್ರವಚನಕ್ಕೆ ಅವನನ್ನೇ ಕಳಿಸಿ ಎಂದು ಕೇಳಿಕೊಂಡು ಬರುತ್ತಿದ್ದರು. ಎಲ್ಲರೂ ಹೂಂ ಎಂದರೂ ಕೊಟ್ರಯ್ಯನವರು ಮಾತ್ರ, ಇನ್ನೊಂದು ವರ್ಷ ಮಕ್ಕಳಿಗೆ ಅಕ್ಷರ ಕಲಿಸಲಿ ಎನ್ನುತ್ತಿದ್ದರು. ಮರುವರ್ಷ ಬಂದರೂ ಅದೇ ಮಾತು. ಒಮ್ಮೆ ಎಲ್ಲರ ಎದುರು, "ಏನಪ್ಪಾ, ನಿನ್ನ ನಾಲಿಗೆ ಬೆಳೆದಷ್ಟು ಕಿವಿ ಬೆಳೆದಿಲ್ಲವಲ್ಲ" ಎಂದು ನಗಿಸಿದ್ದರು. ಅವನ ಜೊತೆಗಿನವರು ಊರೂರು ತಿರುಗಿ ಹೆಸರು ಮಾಡಿದರು. ಅವನು ಮಾತ್ರ ಚಿಕ್ಕ ಮಕ್ಕಳ ಬೆರಳು ಹಿಡಿದು ಮರಳಿನಲ್ಲಿ ಅ ಆ ತಿದ್ದಿಸುತ್ತ ಉಳಿದ.

ಕಾಲಿಗೆ ಬೀಳದೆ ಹೊರಟರೆ ತಪ್ಪಾದೀತು ಎಂಬ ಅಳುಕು ಒಂದು ಕಡೆ. ಮನಸ್ಸಿಲ್ಲದೆ ಬಿದ್ದರೆ ಆ ನಮಸ್ಕಾರವೇ ಸುಳ್ಳಾದೀತು ಎಂಬ ಅಳುಕು ಇನ್ನೊಂದು ಕಡೆ. ಅದನ್ನೇ ಅವನು ಅವ್ವನವರ ಮುಂದೆ ಇಟ್ಟ.

ಅವ್ವನವರು ಒಂದು ಹಿಡಿ ಅವರೆಕಾಯಿಯನ್ನು ಅವನ ಕಡೆ ಸರಿಸಿದರು. ಅವನು ಕೂತು ಸುಲಿಯತೊಡಗಿದ. ಆಮೇಲೆ ಅವರು ಒಂದು ಕತೆ ಹೇಳಿದರು.

ಒಂದು ಬೆಟ್ಟ. ಬೆಟ್ಟದ ನೆತ್ತಿಯಲ್ಲಿ ಒಂದು ಹಟ್ಟಿ. ಹಟ್ಟಿಯ ಮನೆಮನೆಯಲ್ಲೂ ಎಮ್ಮೆಗಳು. ಮೇಲಕ್ಕೆ ಮೋಟಾರು ಹತ್ತುವ ರಸ್ತೆ ಇರಲಿಲ್ಲ. ಕೆಳಗಿನ ಪೇಟೆಯ ಡೈರಿಗೆ ಬೆಳಗಿನ ಹಾಲನ್ನು ಒಬ್ಬ ಹಾಲಿನವನು ಸೈಕಲ್ಲಿನಲ್ಲಿ ಒಯ್ಯುತ್ತಿದ್ದ. ದಪ್ಪ ಚಕ್ರದ, ಗೇರಿನ ಬೆಟ್ಟದ ಸೈಕಲ್ಲು. ಹಿಂದಿನ ಕ್ಯಾರಿಯರಿನ ಎರಡು ಬದಿಗೂ ಕ್ಯಾನುಗಳು.

ಅವನ ದಾರಿ ಎರಡು ಬಗೆಯದು. ಮೊದಲರ್ಧ ಇಳಿಜಾರು. ಗಟ್ಟಿ ನೆಲದ ಮೇಲೆ ಕಡಲೆಕಾಳು ಚೆಲ್ಲಿದಂತೆ ಕೆಂಪು ಹರಳು. ನಡುವೆ ಒಂದು ತಿರುವು, ತಿರುವಿನಾಚೆ ಕಮರಿ. ಉಳಿದರ್ಧ ಕೆರೆಯ ಏರಿಯ ಮೇಲಿನ ನೇರ ದಾರಿ. ಅಲ್ಲಿ ಬೀಳುವ ಭಯವಿಲ್ಲ, ಆದರೆ ತುಳಿದಷ್ಟೂ ಮುಗಿಯದು.

ಅವನು ಎರಡು ಗಾಲಿಗೂ ಬಟನ್ ಟೈರು ಹಾಕಿಸಿದ್ದ. ಮೈತುಂಬ ಗುಬುಟು ಗುಬುಟಾಗಿ ಎದ್ದು ನೆಲವನ್ನು ಕಚ್ಚುವ ಟೈರು. ಇಳಿಜಾರಿನಲ್ಲಿ ಅದು ಉಡದ ಹಾಗೆ ಹಿಡಿಯುತ್ತಿತ್ತು. ಏರಿಯ ಮೇಲೆ ಮಾತ್ರ, ಮನೆಗೆ ಬಾರದ ಕರುವನ್ನು ಹಗ್ಗ ಹಿಡಿದು ಎಳೆದಂತಾಗುತ್ತಿತ್ತು. ಅವನು ಡೈರಿ ಮುಟ್ಟುವಷ್ಟರಲ್ಲಿ ಹಾಲಿನ ವ್ಯಾನು ಹೊರಟಿರುತ್ತಿತ್ತು. ಬಿಸಿಲೇರಿ ಹಾಲು ಒಡೆಯುತ್ತಿತ್ತು. ಕೊನೆಗೆ ಡೈರಿಯವರು, ಇನ್ನು ಹೊತ್ತಿಗೆ ಬರದಿದ್ದರೆ ಬೆಟ್ಟದ ಹಾಲೇ ಬೇಡ ಎಂದುಬಿಟ್ಟರು. ಬೆಟ್ಟದ ಹಾಲು ಬೇಡವಾದರೆ ಹಟ್ಟಿಯ ಒಲೆ ಉರಿಯುವುದಿಲ್ಲ. ಅದು ಅವನಿಗೆ ಗೊತ್ತಿತ್ತು.

ಅವನು ಪೇಟೆಯ ಸೈಕಲ್ ಅಂಗಡಿಗೆ ಹೋದ. ಅಂಗಡಿ ನಡೆಸುತ್ತಿದ್ದವಳು ಒಬ್ಬ ಹೆಂಗಸು. ಎರಡೂ ಬಟನ್ ಟೈರು ಬಿಚ್ಚಿಸಿ, ಸಣ್ಣ ಗೆರೆಗಳಷ್ಟೇ ಇರುವ ನುಣುಪು ಟೈರು ಹಾಕಿಸಿಕೊಂಡ. ಏರಿಯ ಮೇಲೆ ಸೈಕಲ್ಲು ಹಕ್ಕಿಯಾಯಿತು. ಕೆಲವು ದಿನ ವ್ಯಾನಿಗಿಂತ ಅವನೇ ಮೊದಲು. ಒಂದು ಬೆಳಿಗ್ಗೆ ತಿರುವಿನಲ್ಲಿ ಗಾಲಿಗಳು ಹರಳಿನ ಮೇಲೆ ತೇಲಿದವು. ಅವನು ಬಿದ್ದ. ಹಾಲೆಲ್ಲ ಕೆಂಪು ನೆಲಕ್ಕೆ ಹೋಯಿತು.

ಮಂಡಿ ಸುಲಿದುಕೊಂಡು, ಬರಿಯ ಕ್ಯಾನು ಹೊತ್ತು ಅವನು ಮೇಲೆ ಬಂದ. ಹಟ್ಟಿಯವರು ಬೈಯುತ್ತಾರೆ ಎಂದುಕೊಂಡಿದ್ದ. ಒಬ್ಬಳು ಅಜ್ಜಿ ಅರಿಸಿನ ಅರೆದು ತಂದು ಮಂಡಿಗೆ ಮೆತ್ತಿದಳು. ಎಮ್ಮೆ ಸಂಜೆಗೆ ಮತ್ತೆ ಹಾಲು ಕರೆಯುತ್ತದೆ, ನಿನ್ನ ಎಲುಬು ಮತ್ತೆ ಬರುವುದಿಲ್ಲ ಎಂದಳು. ಆ ಮಾತು ಕೇಳಿ ಅವನಿಗೆ ಬೈಸಿಕೊಳ್ಳುವುದಕ್ಕಿಂತ ಹೆಚ್ಚು ನೋವಾಯಿತು. ಇಂಥವರ ಹಾಲನ್ನು ಇನ್ನೊಮ್ಮೆ ಚೆಲ್ಲಬಾರದು ಎಂದುಕೊಂಡ.

ಮತ್ತೆ ಅಂಗಡಿಗೆ ಹೋದ. ಒಂದು ಗಾಲಿಗೆ ಬಟನ್ ಟೈರು, ಇನ್ನೊಂದಕ್ಕೆ ನುಣುಪಿನದು ಇರಲಿ ಎಂದ. ಅಂಗಡಿಯವಳು ಬಟನ್ ಟೈರನ್ನು ಹಿಂದಿನ ಗಾಲಿಗೆ ಹಾಕಿದಳು. ಆ ಪೇಟೆಯ ವಾಡಿಕೆಯೇ ಹಾಗೆ. ಒಳ್ಳೆಯ ಟೈರು ಯಾವಾಗಲೂ ಹಿಂದಕ್ಕೆ, ಸವೆದದ್ದು ಮುಂದಕ್ಕೆ. ಭಾರ ಹೊರುವುದು ಹಿಂದಿನ ಗಾಲಿ, ನೂಕುವುದೂ ಅದೇ, ಮೊದಲು ಸವೆಯುವುದೂ ಅದೇ. ದುಡಿಯುವವನಿಗಲ್ಲವೆ ಹೊಸ ಚಪ್ಪಲಿ ಕೊಡಬೇಕಾದದ್ದು ಎನ್ನುತ್ತಿದ್ದರು ಅಲ್ಲಿಯ ಜನ. ಅವನಿಗೂ ಅದು ಸರಿ ಎನಿಸಿತು.

ಅದೇ ತಿರುವಿನಲ್ಲಿ ಅವನು ಮತ್ತೆ ಬಿದ್ದ.

ಮುರಿಗೆಪ್ಪ ಸುಲಿಯುವುದನ್ನು ನಿಲ್ಲಿಸಿದ. "ಹಿಂದಕ್ಕೆ ಹಾಕಿದ್ದು ತಪ್ಪೆಂಬ ಇಷ್ಟು ಸಣ್ಣ ಸಂಗತಿ ಇಬ್ಬರಿಗೂ ಹೊಳೆಯಲಿಲ್ಲವೆ, ಅವ್ವಾ?"

"ಬಯಲಿನಲ್ಲಿ ನೂರು ಸಲ ಸರಿಯಾದ ಬುದ್ಧಿ ಅದು" ಎಂದರು ಅವ್ವನವರು. "ಬೆಟ್ಟಕ್ಕೆ ಬಂದು ತಪ್ಪಾದೀತು ಎಂದು ಬೀಳುವ ಮೊದಲು ಯಾರಿಗೆ ಹೊಳೆಯುತ್ತದೆ? ನೀನೂ ಹಿಂದಕ್ಕೇ ಹಾಕಿಸುತ್ತಿದ್ದೆ. ಸುಮ್ಮನೆ ಸುಲಿ."

ಈ ಸಲ ಹಾಲಿನವನು ಎದ್ದ ಕೂಡಲೆ ಹೊರಡಲಿಲ್ಲ. ತಾನು ಜಾರಿದ ಗುರುತನ್ನು ಬಗ್ಗಿ ನೋಡಿದ. ಹಿಂದಿನ ಗಾಲಿಯ ಗುರುತು ತಿರುವಿನ ಉದ್ದಕ್ಕೂ ಇತ್ತು, ನೆಲವನ್ನು ಕಚ್ಚಿಕೊಂಡೇ ಬಂದಿತ್ತು. ಮುಂದಿನ ಗಾಲಿಯ ಗುರುತು ತಿರುವಿನವರೆಗೆ ಬಂದು, ಅಲ್ಲಿಂದ ಬೆರಳಿನಿಂದ ಒರೆಸಿದ ಹಾಗೆ ಕಮರಿಯ ಕಡೆಗೆ ಸರಿದಿತ್ತು. ಹಿಂದಿನದು ಬಲವಾಗಿ ಹಿಡಿದು ನೂಕಿತ್ತು. ಮುಂದಿನದಕ್ಕೆ ತಿರುಗಲು ಹಿಡಿತವೇ ಇರಲಿಲ್ಲ.

ಅವನು ಕಂಡದ್ದನ್ನು ಅಂಗಡಿಯವಳಿಗೆ ಹೇಳಿದ. ಅವಳು ಕೈಯ ಎಣ್ಣೆ ಒರೆಸಿಕೊಳ್ಳುತ್ತ ಬಹಳ ಹೊತ್ತು ಗಾಲಿಗಳನ್ನೇ ನೋಡಿದಳು. ತನ್ನ ಅತ್ತೆ-ಮಾವನ ಕಾಲದಿಂದ ಒಳ್ಳೆಯ ಟೈರು ಹಿಂದಕ್ಕೇ ಹಾಕಿದ ಅಂಗಡಿ ಇದು ಎಂದಳು. ಆಮೇಲೆ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದಳು.

"ಹಿಂದಿನದು ಜಾರಿದರೆ ಬಾಲ ಅಲ್ಲಾಡುತ್ತದೆ ಅಷ್ಟೆ, ಅಣ್ಣಾ. ಮುಂದಿನದು ಜಾರಿದರೆ ತಲೆಯೇ ಹೋಗುತ್ತದೆ. ಹಿಡಿಯುವುದು ಮುಂದಿರಲಿ."

ಅಗಲದ ಬಟನ್ ಟೈರು ಮುಂದಕ್ಕೆ ಬಂತು, ಗಾಳಿ ಒಂದಿಷ್ಟು ಕಡಿಮೆ ತುಂಬಿದಳು. ನುಣುಪಿನದು ಹಿಂದಕ್ಕೆ ಹೋಯಿತು. ಭಾರವೆಲ್ಲ ಹಿಂದೆ ಇರುವುದರಿಂದ, ಹಿಂದಿನದು ಹಗುರಾಗಿ ಉರುಳಿದರೆ ಓಟ ತಾನಾಗಿ ಬರುತ್ತದೆ ಎಂದಳು.

ಹಾಗೇ ಆಯಿತು. ಹಾಲು ಹೊತ್ತಿಗೆ ಮುಟ್ಟತೊಡಗಿತು. ಪೇಟೆಯ ಚಹಾದಂಗಡಿಯವರು ಅವನ ಸೈಕಲ್ಲನ್ನು ಕಂಡು, ಮುಂದೆ ಎತ್ತಿನ ಲಾಳ, ಹಿಂದೆ ಮದುಮಗನ ಚಪ್ಪಲಿ ಎಂದು ನಕ್ಕರು. ಅವನೂ ನಕ್ಕ. ಏರಿಯ ಮೇಲೆ ಸೈಕಲ್ಲು ಓಡುವಾಗ ಹಿಂದಿನ ಗಾಲಿಗೆ ಶಹಭಾಸ್ ಎನ್ನುತ್ತಿದ್ದ. ಮುಂದಿನದರ ಮೇಲೆ ಮಾತ್ರ ಅವನಿಗೆ ಮುನಿಸು. ಅದು ದಾರಿಯುದ್ದಕ್ಕೂ ಗೊರಗೊರ ಎಂದು ಗೊಣಗುತ್ತಿತ್ತು. ಗುಬುಟುಗಳ ಸಂದಿಯಲ್ಲಿ ಕಲ್ಲು ಕಚ್ಚಿಕೊಂಡು ಬರುತ್ತಿತ್ತು. ಇದೊಂದು ಎಳೆಯದಿದ್ದರೆ ನಾನು ಇನ್ನೆಷ್ಟು ಬೇಗ ಮುಟ್ಟುತ್ತಿದ್ದೆ ಎಂದುಕೊಂಡು, ಡೈರಿಯ ಕಟ್ಟೆಯ ಮೇಲೆ ಕೂತು ಬೈಯುತ್ತ ಆ ಕಲ್ಲುಗಳನ್ನು ಕೆದಕಿ ಎಸೆಯುತ್ತಿದ್ದ.

ಮುಂಗಾರಿನ ಮೊದಲ ಮಳೆ ಬಂತು. ಮರುದಿನ ಬೆಳಿಗ್ಗೆ ಅವನು ತುಂಬಿದ ಕ್ಯಾನುಗಳೊಂದಿಗೆ ತಿರುವಿಗೆ ಬಂದಾಗ ಹಿಂದಿನ ಗಾಲಿ ನಿಲ್ಲಲಿಲ್ಲ. ಅದು ಕಮರಿಯ ಕಡೆಗೆ ಬೀಸಿತು. ಕ್ಯಾನುಗಳು ಒಂದಕ್ಕೊಂದು ಬಡಿದವು. ಅವನು ಕಣ್ಣು ಮುಚ್ಚಿದ. ಮುಂದಿನ ಗಾಲಿ ಹರಳನ್ನು ಸರಿಸಿ, ಅಡಿಯ ಗಟ್ಟಿ ನೆಲಕ್ಕೆ ಕಚ್ಚಿ, ಅಲ್ಲೇ ಹಿಡಿಯಿತು. ಬೀಸಿ ಹೋದದ್ದು ತಿರುಗಿ ಅದರ ಹಿಂದೆಯೇ ಬಂದು ಸೇರಿಕೊಂಡಿತು. ಕಣ್ಣು ಬಿಟ್ಟಾಗ ಅವನು ತಿರುವನ್ನು ದಾಟಿದ್ದ.

ಡೈರಿಯಲ್ಲಿ ಎಲ್ಲರೂ, ಈ ಮಳೆಯಲ್ಲೂ ಗಾಳಿಯ ಹಾಗೆ ಬಂದೆಯಲ್ಲ ಎಂದು ಅವನ ಓಟವನ್ನು ಹೊಗಳಿದರು. ಅವನು ಹೋಗಿ ಕಟ್ಟೆಯ ಮೇಲೆ ಕೂತು, ಒಂದು ಜಾಲಿಮುಳ್ಳು ತೆಗೆದುಕೊಂಡು ಮುಂದಿನ ಟೈರಿನ ಸಂದಿಗಳಿಂದ ಕಲ್ಲುಗಳನ್ನು ಬಿಡಿಸತೊಡಗಿದ. ಈ ದಿನ ಒಂದನ್ನೂ ಬೈದು ಎಸೆಯಲಿಲ್ಲ. ಒಂದೊಂದನ್ನೂ ಅಂಗೈಯಲ್ಲಿಟ್ಟು ನೋಡಿದ. ಎಲ್ಲವೂ ಆ ತಿರುವಿನ ಕೆಂಪು ಕಲ್ಲುಗಳೇ. ಬೀಳದಂತೆ ಹಿಡಿದ ಗುಬುಟುಗಳೇ ಇಷ್ಟು ದಿನ ಅವನನ್ನು ಎಳೆದ ಗುಬುಟುಗಳು. ಆ ಟೈರಿಗೆ ಬೇರೆ ಬೇರೆ ಎರಡು ಗುಣ ಇರಲಿಲ್ಲ. ಹಿಡಿಯುವುದೂ ಎಳೆಯುವುದೂ ಅದರ ಒಂದೇ ಗುಣ.

ಹಿಂದಿನ ಗಾಲಿ ಹಾಲನ್ನು ಹೊತ್ತಿಗೆ ತಂದಿತ್ತು. ಮುಂದಿನದು ಹಾಲನ್ನು ಚೆಲ್ಲದೆ ತಂದಿತ್ತು. ಅವನು ಎರಡನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡ. ಆ ದಿನ ಬೆಟ್ಟವನ್ನು ಸೈಕಲ್ಲಿನ ಮೇಲೆ ಕೂತು ಹತ್ತಲಿಲ್ಲ, ಅದರ ಜೊತೆ ನಡೆದುಕೊಂಡು ಹೋದ.

ಅವ್ವನವರು ಇಲ್ಲಿಗೆ ನಿಲ್ಲಿಸಿದರು. ಮುರಿಗೆಪ್ಪನ ಕೈಯಲ್ಲಿ ಕಾಯಿ ಹಾಗೇ ಉಳಿದಿತ್ತು. ಅವನಿಗೆ ಕೊಟ್ರಯ್ಯನವರ ನಗೆಮಾತು ನೆನಪಿಗೆ ಬಂತು. ಆದರೆ ಅದರ ಜೊತೆ ಇನ್ನೊಂದೂ ಬಂತು. ಊರೂರು ತಿರುಗದೆ ಉಳಿದ ಆ ವರ್ಷಗಳಲ್ಲಿ, ಮರಳಿನಲ್ಲಿ ಬೆರಳು ಓಡದ ಒಂದು ಮಗು ಅಳುತ್ತ ಕೂತದ್ದು. ಅದು ಏನು ಹೇಳಲು ಒದ್ದಾಡುತ್ತಿದೆ ಎಂದು ತಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಬಾಯಿ ಮುಚ್ಚಿ ಕೇಳುತ್ತ ಕೂತದ್ದು. ಕೊನೆಗೆ ಅದು ತಾನಾಗಿ ಒಂದು ಅಕ್ಷರ ಬರೆದು ಮುಖ ನೋಡಿದ್ದು. ಹಿರಿಯರು ಶಾಲೆಗೆ ಅವನ ಹೆಸರು ಹೇಳುವಾಗ ಅವನ ಮಾತಿನ ಚಂದವನ್ನು ಹೇಳಿರಲಿಲ್ಲ. ಮಕ್ಕಳು ಇವನ ಬಳಿ ಕೂರುತ್ತಾರೆ ಎಂದಿದ್ದರು. ಆ ಮಾತಿನ ಬೇರು ಎಲ್ಲಿತ್ತು ಎಂಬುದು ಅವನಿಗೆ ಈಗ ಕಂಡಿತು. ಬೆಳಗಿನಿಂದ ಅಷ್ಟು ಜನರ ಮುಂದೆ ಬಾಗಿದಾಗ ತುಂಬಿದ್ದ ಕಣ್ಣು ಮತ್ತೆ ತುಂಬಿತು.

ಅವನು ಎದ್ದ. ಅರ್ಥವಾಯಿತು ಅವ್ವಾ, ಈಗಲೇ ಹೋಗಿ ಅವರ ಕಾಲು ಮುಟ್ಟುತ್ತೇನೆ, ಈಗ ಅದು ಸುಳ್ಳಾಗುವುದಿಲ್ಲ ಎಂದ.

ಅವ್ವನವರು ಸುಲಿದ ಕಾಳನ್ನು ಮೊರಕ್ಕೆ ಸುರಿದುಕೊಂಡು ಹೇಳಿದರು:

"ಹೋಗು, ಒಂದು ನಮಸ್ಕಾರವನ್ನೂ ಕಾಣದೆ ಇಷ್ಟು ವರ್ಷ ನನ್ನನ್ನು ಹೇಗೆ ಹಿಡಿದುಕೊಂಡಿದ್ದಿರಿ ಎಂದು ಅವರನ್ನು ಕೇಳಿಕೊಂಡು ಬಾ, ನಾಳೆಯಿಂದ ಆ ಮಕ್ಕಳ ಮುಂದೆ ನಿನ್ನ ಕೆಲಸವೂ ಅದೇ."