ಗಿರಣಿ ಫಕೀರವ್ವ ಬೇಬಿ ಕಾರನ್ನು ಗುಡ್ಡ ಹತ್ತಿಸಿದ್ದು

ಬಿಳೇಕಲ್ಲ ಗುಡ್ಡದ ರಸ್ತೆಗೆ ಇನ್ನೂ ಡಾಂಬರು ಬಿದ್ದಿರಲಿಲ್ಲ, ಆಗ ನಡೆದದ್ದು ಇದು. ಗುಡ್ಡದ ಬುಡದಲ್ಲಿ ಹುಲಿಕಟ್ಟಿ ಅಂತ ಒಂದು ಊರು. ಆ ಊರಲ್ಲಿ ಒಂದು ಹಿಟ್ಟಿನ ಗಿರಣಿ. ಗಿರಣಿ ನಡೆಸುತ್ತಿದ್ದವಳು ಫಕೀರವ್ವ. ಗಂಡ ಸತ್ತ ಮೇಲೆ ಗಿರಣಿಯ ಎಂಜಿನ್ನನ್ನು ಅವಳೇ ಬಿಚ್ಚುತ್ತಿದ್ದಳು, ಅವಳೇ ಕೂಡಿಸುತ್ತಿದ್ದಳು. ಕಟ್ಟಿಗೆಯ ಕೋಲೊಂದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಎಂಜಿನ್ನಿಗೆ ಆನಿಸಿದರೆ ಸಾಕು, ಒಳಗಿನ ತೊಂದರೆ ಅವಳಿಗೆ ಕೇಳಿಸುತ್ತಿತ್ತು ಅಂತಾರೆ. ಮೈಲಿ ದೂರದಿಂದಲೇ ಕೇಳಿಸುತ್ತಿತ್ತು ಅನ್ನುವವರೂ ಇದ್ದಾರೆ. ಕೋಲು ಮಾತ್ರ ನಿಜ.

ಗುಡ್ಡದ ಮೇಲೆ ಬಿಳೇಕಲ್ಲು ಅಂತ ಊರು. ಅಲ್ಲಿಗೆ ಹನ್ನೊಂದು ತಿರುವು. ಏಳನೆಯದು ಎಲ್ಲಕ್ಕಿಂತ ಕಡಿದು. ಅಲ್ಲಿ ಎಂಥ ಗಾಡಿಯೂ ನಿಲ್ಲುತ್ತಿತ್ತು. ಅದಕ್ಕೇ ಗಾಡಿ ಗುಡ್ಡ ಏರುವಾಗ ಒಬ್ಬರು ತೊಡೆಯ ಮೇಲೆ ಒಂದು ಕಲ್ಲು ಇಟ್ಟುಕೊಂಡು ಕೂರುತ್ತಿದ್ದರು. ಗಾಡಿ ನಿಂತ ಕೂಡಲೇ ಅವರು ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಡಬೇಕು, ಉಳಿದವರು ಇಳಿದು ನೂಕಬೇಕು. ಅಲ್ಲಿಯ ಪದ್ಧತಿ ಅದು.

ಹುಲಿಕಟ್ಟಿಯ ಆಸ್ಪತ್ರೆಯಲ್ಲಿ ಎಸ್ತರಬಾಯಿ ಅಂತ ನರ್ಸು ಇದ್ದರು. ಹಳೇ ಡಾಕ್ಟರು ಬಿಟ್ಟುಹೋದ ಬೇಬಿ ಕಾರನ್ನು ಅವರೇ ಓಡಿಸುತ್ತಿದ್ದರು. ನಾಲ್ಕು ಜನ ಕೂತರೆ ಬಾಗಿಲು ಮುಚ್ಚುವುದು ಕಷ್ಟ, ಅಷ್ಟು ಸಣ್ಣದು. ಆಗಲೇ ಅದಕ್ಕೆ ವಯಸ್ಸಾಗಿತ್ತು. ವಾರಕ್ಕೊಮ್ಮೆ ಅದರಲ್ಲಿ ಬಿಳೇಕಲ್ಲಿಗೆ ಹೋಗಿ ಬಸುರಿಯರನ್ನು ನೋಡಿ ಬರುತ್ತಿದ್ದರು.

ಒಂದು ಮಧ್ಯಾಹ್ನ ಬಿಳೇಕಲ್ಲಿನಿಂದ ಆಳು ಓಡಿ ಬಂದ. ಹೆರಿಗೆ ಕಷ್ಟವಾಗಿತ್ತು. ಎಸ್ತರಬಾಯಿ ಅವನನ್ನೂ ಕೂರಿಸಿಕೊಂಡು ಹೊರಟರು. ಏಳನೇ ತಿರುವಿನಲ್ಲಿ ಕಾರು ನಿಂತಿತು. ಆಳು ಕಲ್ಲು ಕೊಟ್ಟ, ನೂಕಿದ. ಒಬ್ಬನ ಬಲಕ್ಕೆ ಅದು ಕದಲಲಿಲ್ಲ. ಎಸ್ತರಬಾಯಿ ಔಷಧದ ಪೆಟ್ಟಿಗೆ ಹೊತ್ತು ಉಳಿದ ದಾರಿ ನಡೆದರು. ಮುಟ್ಟುವಷ್ಟರಲ್ಲಿ ತಾಯಿ ಹೋಗಿದ್ದಳು, ಕೂಸೂ ಹೋಗಿತ್ತು. ಆ ತಾಯಿ ಫಕೀರವ್ವನ ಮಗಳು ಶಾಂತವ್ವ.

ತಿಂಗಳಾದ ಮೇಲೆ ಆಸ್ಪತ್ರೆಯ ಪಂಚರು ಸೇರಿದರು. ಈ ಕಾರು ಗುಡ್ಡಕ್ಕೆ ಆಗುವುದಿಲ್ಲ, ಗುಜರಿಗೆ ಹಾಕೋಣ, ಬಿಳೇಕಲ್ಲಿಗೆ ಹೋಗುವುದನ್ನು ನಿಲ್ಲಿಸೋಣ ಅಂದರಂತೆ. ಗ್ಯಾರೇಜಿನ ಮಿಸ್ತ್ರಿ ತೋಟಪ್ಪನನ್ನು ಕೇಳಿದರು. ದೊಡ್ಡ ಎಂಜಿನ್ ಹಾಕದೆ ಇದು ಏರುವುದಿಲ್ಲ, ದೊಡ್ಡ ಎಂಜಿನ್ ಇದರೊಳಗೆ ಹಿಡಿಸುವುದಿಲ್ಲ ಅಂದ. ಹೆಂಗಸರು ಆ ಸಭೆಗೆ ಹೋಗುತ್ತಿರಲಿಲ್ಲ. ಫಕೀರವ್ವ ಒಳಗೆ ಹೋಗಿ ನಿಂತಳು.

"ಎಂಜಿನ್ ಅದ ಇರಲಿ. ನಾ ಏರಸ್ತೀನಿ."

"ಫಕೀರವ್ವಾ, ಇದು ಜ್ವಾಳ ಬೀಸೂ ಎಂಜಿನ್ ಅಲ್ಲ," ಅಂದ ತೋಟಪ್ಪ.

"ತೋಟಪ್ಪಣ್ಣ, ಜ್ವಾಳ ಬೀಸಾಕತ್ತೀನೋ ಗುಡ್ಡ ಏರಾಕತ್ತೀನೋ ಅಂತ ಎಂಜಿನ್ನಿಗೇನ ಗೊತ್ತು?"

ಪಂಚರು ನಕ್ಕರು. ನಕ್ಕ ಮೇಲೆ ಬೇಡ ಅನ್ನಲಾಗಲಿಲ್ಲ. ಎರಡು ಅಮವಾಸ್ಯೆಯ ಗಡುವು ಕೊಟ್ಟರು. ನಾಲ್ಕು ಜನ ಕೂತು ಗುಡ್ಡ ಏರಬೇಕು. ಕಲ್ಲು ಹಿಡಿದು ತೋಟಪ್ಪನೇ ಕೂರುತ್ತಾನೆ. ಒಮ್ಮೆ ಗಾಲಿಗೆ ಕಲ್ಲು ಕೊಟ್ಟರೂ ಕಾರು ಗುಜರಿಗೆ, ಬಿಳೇಕಲ್ಲಿಗೆ ನರ್ಸು ಇಲ್ಲ.

ಫಕೀರವ್ವ ಕಾರನ್ನು ಗಿರಣಿಯ ಅಂಗಳಕ್ಕೆ ತರಿಸಿದಳು. ಕೋಲು ಕಚ್ಚಿ ಕೇಳಿದಳು. ಇದಕ್ಕೆ ಶಕ್ತಿ ಕಡಿಮೆ ಇಲ್ಲ, ಉಸಿರು ಕಡಿಮೆ ಅಂದಳಂತೆ. ಗಾಳಿ ಒಳಗೆ ಹೋಗುವ ದಾರಿ, ಹೊಗೆ ಹೊರಗೆ ಬರುವ ದಾರಿ, ಎರಡೂ ಒಳಗೆ ಒರಟಾಗಿದ್ದವು. ಬಿದಿರ ಕಡ್ಡಿಗೆ ಪಾಲಿಶ್ ಕಾಗದ ಸುತ್ತಿ ಹನ್ನೆರಡು ದಿನ ತಿಕ್ಕಿದಳು. ಬೆರಳಿಟ್ಟರೆ ಜಾರುವ ತನಕ ಬಿಡಲಿಲ್ಲ.

ಆಮೇಲೆ ಎಂಜಿನ್ನಿನ ಮುಚ್ಚಳ. ಮುಚ್ಚಳವನ್ನು ಸವೆಸಿದರೆ ಒಳಗಿನ ಜಾಗ ಕಿರಿದಾಗುತ್ತದೆ. ಕಿರಿದಾದ ಜಾಗದಲ್ಲಿ ಉರಿದ ಪೆಟ್ರೋಲು ಜೋರಾಗಿ ಒದೆಯುತ್ತದೆ. ಸವೆಸುವುದು ಅವಳಿಗೆ ಹೊಸದಲ್ಲ. ಬೀಸುವ ಕಲ್ಲು ಸಮ ಇದೆಯೋ ಇಲ್ಲವೋ ಅಂತ ಅವಳು ಕೆಮ್ಮಣ್ಣು ಹಚ್ಚಿದ ಹಲಗೆಯನ್ನು ಅದರ ಮೇಲೆ ಎಳೆದು ನೋಡುತ್ತಿದ್ದಳು. ಕೆಂಪು ಹತ್ತಿದಲ್ಲಿ ಉಬ್ಬು. ಇಲ್ಲೂ ಹಾಗೇ ಮಾಡಿದಳು. ದಪ್ಪ ಗಾಜಿಗೆ ಕೆಮ್ಮಣ್ಣು ಹಚ್ಚಿ, ಅದರ ಮೇಲೆ ಮುಚ್ಚಳ ಇಟ್ಟು, ಕೆಂಪು ಹತ್ತಿದಲ್ಲಿ ಉಜ್ಜಿದಳು.

ಒಂದೇ ಭಯವಿತ್ತು. ಮುಚ್ಚಳ ಹೆಚ್ಚು ಸವೆದರೆ, ಗಾಳಿಯ ದಾರಿ ತೆರೆಯಲು ಮೇಲೇಳುವ ವಾಲ್ವು ಅದಕ್ಕೆ ಬಡಿಯುತ್ತದೆ. ನಡುವೆ ಎಷ್ಟು ಜಾಗ ಉಳಿದಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ವಾಲ್ವಿನ ಮೇಲೆ ಹಿಟ್ಟಿನ ಮುದ್ದೆ ಇಟ್ಟು, ಮುಚ್ಚಳ ಬಿಗಿದು, ಎಂಜಿನ್ನನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದಳು. ಬಿಚ್ಚಿ, ಅಮುಕಿದ ಹಿಟ್ಟಿನ ದಪ್ಪ ನೋಡಿದಳು. ಸಾಕಷ್ಟಿತ್ತು. ಎಂಜಿನ್ ಚಾಲೂ ಮಾಡಿದಳು. ಟಕ್ ಅಂತ ಒಂದು ಸದ್ದು. ವಾಲ್ವು ಬಾಗಿತ್ತು.

ಇಟ್ಟಿದ್ದು ಜೋಳದ ಹಿಟ್ಟು. ಆ ಊರಲ್ಲಿ ಹಿಟ್ಟು ಅಂದರೆ ಜೋಳದ್ದೇ. ಅದಕ್ಕೆ ಜಿಗುಟಿಲ್ಲ. ಅಮುಕಿದ್ದು ಉದುರಿಹೋಗಿತ್ತು, ಅಂಚಿನಲ್ಲಿ ಉಳಿದ ದಪ್ಪ ಚೂರನ್ನು ಅವಳು ಅಳೆದಿದ್ದಳು.

ತೋಟಪ್ಪ ನೋಡಲು ಬಂದ. ರೊಟ್ಟಿ ಬಡಿದೆಯಾ ಅಂತ ಕೇಳಿದನಂತೆ. ಫಕೀರವ್ವ ಬಾಗಿದ ವಾಲ್ವನ್ನು ಗಿರಣಿಯ ಬಾಗಿಲಿಗೆ, ಎಲ್ಲರಿಗೂ ಕಾಣುವಂತೆ ನೇತುಹಾಕಿದಳು.

"ತಪ್ಪು ನಂದು, ಎಂಜಿನ್ದಲ್ಲ. ನೋಡಾವ್ರು ನೋಡಲಿ."

ಅಂಥ ವಾಲ್ವು ಸುತ್ತಲ ಊರಲ್ಲಿ ಎಲ್ಲೂ ಇರಲಿಲ್ಲ. ಫಕೀರವ್ವ ತನ್ನ ಗಿರಣಿಯ ಎಂಜಿನ್ ಬಿಚ್ಚಿ, ಅದರ ವಾಲ್ವು ತೆಗೆದು, ಹತ್ತಿ ಮಿಲ್ಲಿನ ಲೇತಿನಲ್ಲಿ ಕಾರಿನ ಅಳತೆಗೆ ಕಡೆಸಿದಳು. ಗಿರಣಿ ನಿಂತಿತು. ಊರ ಹೆಂಗಸರು ಮೂಲೆಯಲ್ಲಿದ್ದ ಬೀಸುಕಲ್ಲುಗಳನ್ನು ಹೊರಗೆ ಎಳೆದರು. ಮೂರು ವಾರ ಮನೆಮನೆಯಲ್ಲಿ ಕೈಯಲ್ಲೇ ಬೀಸಿದರು. ಹುಲಿಕಟ್ಟಿಯ ಯಾವ ಹೆಂಗಸೂ ಬೇರೆ ಊರಿನ ಗಿರಣಿಗೆ ಹೋಗಲಿಲ್ಲ ಅಂತಾರೆ. ಪಕ್ಕದ ಮನೆಯ ನೀಲವ್ವ ಮಾತ್ರ ದಿನಾ ಬಂದು ಬೈದು ಹೋಗುತ್ತಿದ್ದಳು.

"ನಿನ್ನ ಕಾರಿನ ಸಲವಾಗಿ ನಮ್ಮ ರಟ್ಟಿ ಬಿದ್ದು ಹೋದ್ವು. ಅದು ಏರಲಿಲ್ಲಂದ್ರ ನಿನ್ನ ಬೀಸ್ತೇವಿ ನೋಡು."

ಬೈದವಳೇ ಮರುದಿನ ಹೋಳಿಗೆಗೆ ನಾದಿದ ಕಣಕ ತಂದುಕೊಟ್ಟಳು. ಗೋಧಿಯದು, ಎಣ್ಣೆ ಹಾಕಿ ಚೆನ್ನಾಗಿ ನಾದಿದ್ದು. ಎಳೆದರೆ ಎಳೆಯುತ್ತದೆ, ಅಮುಕಿದರೆ ಅಮುಕಿದ ಹಾಗೇ ಇರುತ್ತದೆ. ಫಕೀರವ್ವ ಈ ಸಲ ಅದನ್ನು ಇಟ್ಟಳು. ವಾಲ್ವು ಮೇಲೇಳುವ ಕಡೆ ಕಣಕ ಕಾಗದದಷ್ಟು ತೆಳ್ಳಗಾಗಿತ್ತು. ಮುಚ್ಚಳದಲ್ಲಿ ಅಷ್ಟು ಜಾಗವನ್ನು ಮಾತ್ರ ಕೆರೆದಳು. ಮತ್ತೆ ಕಣಕ ಇಟ್ಟಳು, ಮತ್ತೆ ಕೆರೆದಳು. ಒಂಬತ್ತನೇ ಸಲಕ್ಕೆ ಸರಿಹೋಯಿತು.

ಎರಡನೇ ಅಮವಾಸ್ಯೆಯ ಬೆಳಿಗ್ಗೆ ಕಾರು ಹೊರಟಿತು. ಹತ್ತು ಜನ ಕೂತಿದ್ದರು ಅಂತಾರೆ. ನಾಲ್ಕೇ ಜನ. ಎಸ್ತರಬಾಯಿ ಓಡಿಸಿದರು. ಪಕ್ಕದಲ್ಲಿ ಫಕೀರವ್ವ, ಬಾಯಲ್ಲಿ ಕೋಲು. ಹಿಂದೆ ಪಂಚರ ಹಿರಿಯ ಬಸನಗೌಡ, ಅವನ ಪಕ್ಕದಲ್ಲಿ ತೋಟಪ್ಪ, ತೊಡೆಯ ಮೇಲೆ ಕಲ್ಲು. ಆರು ತಿರುವು ದಾಟಿತು. ಏಳನೆಯದಕ್ಕೆ ಎಂಜಿನ್ನಿನ ದನಿ ಕುಸಿಯಿತು. ಕಾರು ನಡೆಯುವ ಮನುಷ್ಯನಿಗಿಂತ ನಿಧಾನವಾಯಿತು. ತೋಟಪ್ಪ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟ.

ಫಕೀರವ್ವ ಬಾಯಿಂದ ಕೋಲು ತೆಗೆದಳು. ಹಿಂದಿರುಗಿ ನೋಡಲಿಲ್ಲ.

"ತೋಟಪ್ಪಣ್ಣ, ಕಾಲು ಒಳಗ ತಗೋ. ಇಳಿದ್ರ ನಡಕೊಂಡ ಬರಬೇಕಾಗ್ತೈತಿ. ನಾವು ನಿಂದ್ರೂದಿಲ್ಲ. ಬಾಯಾರ, ಒತ್ತರಿ."

ಎಸ್ತರಬಾಯಿ ಒತ್ತಿದರು. ಎಂಜಿನ್ ಒಮ್ಮೆ ಕೆಮ್ಮಿತು. ಆಮೇಲೆ ಎಳೆಯಿತು. ಎಂಟನೇ ತಿರುವಿನಲ್ಲಿ ತೋಟಪ್ಪ ಬಾಗಿಲು ಮುಚ್ಚಿದ.

ಬಿಳೇಕಲ್ಲಿನಲ್ಲಿ ಫಕೀರವ್ವ ಕಾರನ್ನು ಶಾಂತವ್ವ ಇದ್ದ ಮನೆಯ ಮುಂದೆ ನಿಲ್ಲಿಸಲು ಹೇಳಿದಳು. ಎಂಜಿನ್ ಆರಿಸಬೇಡಿ ಅಂದಳು. ಆ ಮನೆಯವರೆಲ್ಲ ಹೊರಗೆ ಬಂದು ನಿಂತು ಆ ಸದ್ದು ಕೇಳುವ ತನಕ ಕೂತೇ ಇದ್ದಳು.

ತೋಟಪ್ಪ ಕಲ್ಲು ಹಿಡಿದೇ ಇಳಿದ. ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಹನ್ನೊಂದನೇ ತಿರುವಿನ ತನಕ ನಡೆದು ಹೋಗಿ, ರಸ್ತೆಯ ಅಂಚಿಗೆ ಇಟ್ಟು ಬಂದ. ಕಾರು ಗುಜರಿಗೆ ಹೋಗಲಿಲ್ಲ. ಎಸ್ತರಬಾಯಿ ವಾರವಾರವೂ ಗುಡ್ಡ ಹತ್ತಿದರು.

ಈಗ ಆ ರಸ್ತೆಗೆ ಡಾಂಬರಿದೆ, ಗಾಡಿಗಳು ನಿಲ್ಲುವುದಿಲ್ಲ. ಆದರೂ ಹುಲಿಕಟ್ಟಿಯ ಮಿಸ್ತ್ರಿಗಳು ಹೊಸದಾಗಿ ಎಂಜಿನ್ ಬಿಚ್ಚುವ ದಿನ ಮನೆಯಿಂದ ಒಂದು ಉಂಡೆ ಕಣಕ ತರುತ್ತಾರೆ. ತಾವು ಕೂಡಿಸಿದ ಗಾಡಿ ಮೊದಲ ಸಲ ಗುಡ್ಡ ಏರುವಾಗ ಬುಡದಿಂದ ಒಂದು ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಾರೆ. ಗಾಡಿ ನಿಲ್ಲದೆ ಏರಿದರೆ ಮಾತ್ರ ಅದನ್ನು ತೋಟಪ್ಪನ ಕಲ್ಲಿನ ಪಕ್ಕ ಇಡಬೇಕು. ಸಾವಿರಾರು ಕಲ್ಲುಗಳಿವೆ ಅಂತಾರೆ. ಹೋದ ಬೇಸಿಗೆಯಲ್ಲಿ ಎಣಿಸಿದಾಗ ಇದ್ದದ್ದು ನಾಲ್ಕುನೂರ ಹನ್ನೆರಡು.