ಸೆನ್ಸರ್ ಮತ್ತು ಗಾಳಿಗುಳ್ಳೆ

ಓಟದ ಪುಟ್ಟ ಕಾರೊಂದಕ್ಕೆ ಮೆಕ್ಯಾನಿಕ್ ಇಮ್ತಿಯಾಜ್ ದೊಡ್ಡ ಎಂಜಿನ್ ಕೂರಿಸಿದ. ಅದರ ನೆತ್ತಿ ರೇಡಿಯೇಟರಿಗಿಂತ ಎತ್ತರವಾಯಿತು. ನೀರು ತುಂಬಿದಾಗ ಒಂದು ಗಾಳಿಗುಳ್ಳೆ ಅಲ್ಲಿಗೇರಿ, ಎಂಜಿನ್ನಿನ ಬಿಸಿಯನ್ನು ಚಾಲಕನಿಗೆ ತಿಳಿಸುವ ಸೆನ್ಸರಿಗೆ ನೀರು ತಾಗದಂತೆ ಅದನ್ನು ಸುತ್ತುವರಿದು ಕುಳಿತಿತು.

ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡುವ ಪಕ್ಕದ ಗಾಳಿಕೊಳವೆ ಹೇಳಿತು: "ಸ್ವಾಮಿ ಸೆನ್ಸರ್, ಚಾಲಕನ ಮುಂದಿರುವ ಬಿಸಿಮಾಪಕದ ಮುಳ್ಳನ್ನು ಸ್ವಲ್ಪ ಏರಿಸಿ. ಇಮ್ತಿಯಾಜ್ ನನ್ನ ತಿರುಪು ಸಡಿಲಿಸುತ್ತಾನೆ, ಈ ಗುಳ್ಳೆ ತೊಲಗುತ್ತದೆ."

"ಯಾಕಯ್ಯ? ಇವರು ಬಂದ ಮೇಲೆಯೇ ನನಗೆ ತಂಪು."

"ನಾನು ಕುದಿಯುತ್ತಿದ್ದೇನೆ!" ಎಂದು ಕೆಳಗಿನಿಂದ ಎಂಜಿನ್ ಕೂಗಿತು.

"ನನ್ನವರೆಗೆ ಏನೂ ಬಂದಿಲ್ಲವಲ್ಲ," ಎಂದಿತು ಸೆನ್ಸರ್.

"ಬಂದಿಲ್ಲ ಒಡೆಯಾ," ಎಂದಿತು ಗುಳ್ಳೆ.

ಮುಳ್ಳು ಕೆಳಗೇ ಇರುವುದನ್ನು ನೋಡಿದ ಚಾಲಕ ವೇಗ ಹೆಚ್ಚಿಸಿದ. ಎಂಜಿನ್ ಬಿರಿಯಿತು.

ಇಮ್ತಿಯಾಜ್ ಎಲ್ಲವನ್ನೂ ಬಿಚ್ಚಿ ಪರೀಕ್ಷಿಸಿದ. ಸೆನ್ಸರಿನಲ್ಲಿ ಯಾವ ದೋಷವೂ ಕಾಣಲಿಲ್ಲ. ಹೊಸ ಎಂಜಿನ್ನಿನ ನೆತ್ತಿಗೂ ಅದನ್ನೇ ಕೂರಿಸಿದ.